ಗಂಟೆ ಬಾರಿಸಿದ ಮೇಲಿನ ಮೂವತ್ತು ಕಿಲೋಮೀಟರ್

ಬೇಸಿಗೆಯಲ್ಲಿ ನಮ್ಮ ಕಡೆಯ ಅಗ್ನಿಶಾಮಕ ಠಾಣೆಗೆ ಬರುವ ಫೋನು ಬಹಳ ಸಲ ಹೀಗೆ ಶುರುವಾಗುತ್ತದೆ. ‘ಸಾರ್, ಬೆಂಕಿ ಬಿದ್ದದ್ರೀ, ಲಗೂನ ಬರ್ರಿ.’ ‘ಎಲ್ಲಿ?’ ‘ನಮ್ಮ ಕಣದಾಗ.’ ‘ಯಾವ ಊರು?’ ಅಷ್ಟೊತ್ತಿಗೆ ಫೋನು ಕಟ್ಟಾಗಿರುತ್ತದೆ. ಠಾಣೆಯವರು ಅದೇ ನಂಬರಿಗೆ ತಿರುಗಿ ಹಚ್ಚುತ್ತಾರೆ. ಎತ್ತುವವರಿಲ್ಲ, ಫೋನು ಮಾಡಿದವನು ಕೊಡ ಹಿಡಿದು ಬಾವಿಗೆ ಓಡಿದ್ದಾನೆ. ಊರಿನ ಹೆಸರು ಸಿಕ್ಕರೂ ಸಿಂಧನೂರು ಸೀಮೆಯಲ್ಲಿ ಅದಷ್ಟೇ ಸಾಲದು. ಊರಿನ ಬದಿಗೊಂದು ಕ್ಯಾಂಪು, ಅಂದರೆ ಹೊರಗಿನಿಂದ ಬಂದು ನೆಲೆಸಿದ ರೈತರ ವಸತಿ, ಇರುತ್ತದೆ, ಕ್ಯಾಂಪಿನಾಚೆ ಹೊಲಗಳು ಇರುತ್ತವೆ, ನಡುವೆ ಕಾಲುವೆ ಇರುತ್ತದೆ. ಬೆಂಕಿ ಬಿದ್ದದ್ದು ಕಾಲುವೆಯ ಆಚೆ ದಂಡೆಗೋ ಈಚೆ ದಂಡೆಗೋ ತಿಳಿಯದಿದ್ದರೆ, ಉರಿ ಕಣ್ಣೆದುರಿಗೇ ಕಾಣುತ್ತಿದ್ದರೂ ಗಾಡಿ ಸೇತುವೆ ಹುಡುಕಿಕೊಂಡು ಸುತ್ತಿ ಬರಬೇಕು.

ಇದೆಲ್ಲ ನೆನಪಾದದ್ದು ಒಂದು ಧಾರಾವಾಹಿಯಿಂದ. ರಜೆಗೆ ಬಂದಿದ್ದ ಅಕ್ಕನ ಮಗಳು ಮೊಬೈಲಿನಲ್ಲಿ ‘ಸ್ಟೇಷನ್ 19’ ನೋಡುತ್ತಿದ್ದಳು. ಅಮೆರಿಕದ ಸಿಯಾಟಲ್ ನಗರದ ಅಗ್ನಿಶಾಮಕ ಠಾಣೆಯೊಂದರ ಕಥೆ ಅದು. 2018ರ ಮಾರ್ಚ್‌ನಲ್ಲಿ ಶುರುವಾಗಿ 2024ರ ಮೇ ತಿಂಗಳವರೆಗೆ ಏಳು ಸೀಸನ್ ನಡೆಯಿತು. ಠಾಣೆಯ ಕ್ಯಾಪ್ಟನ್ ಪ್ರೂಯಿಟ್ ಹೆರೇರಾ ಕರ್ತವ್ಯದಲ್ಲಿದ್ದಾಗಲೇ ಕುಸಿದು ಬೀಳುತ್ತಾನೆ. ಅವನ ಮಗಳು ಆ್ಯಂಡಿ ಅದೇ ಠಾಣೆಯಲ್ಲಿದ್ದಾಳೆ. ಅಪ್ಪ ಕೂತಿದ್ದ ಕುರ್ಚಿ ಅವಳಿಗೆ ಬೇಕು. ಅವಳ ಜೊತೆಗೆ ಪ್ರೀತಿಯಲ್ಲಿದ್ದ ಜ್ಯಾಕ್ ಗಿಬ್ಸನ್‌ಗೂ ಅದೇ ಕುರ್ಚಿ ಬೇಕು. ಮೇಲಿನವರು ಇಬ್ಬರಿಗೂ ಸೇರಿಸಿಯೇ ತಾತ್ಕಾಲಿಕ ಹೊಣೆ ಕೊಡುತ್ತಾರೆ. ಅಲ್ಲಿಂದ ಮುಂದೆ ಪ್ರೀತಿ, ಮುನಿಸು, ಬಡ್ತಿ, ಅಪ್ಪ-ಮಗಳ ಜಗಳ, ಜೊತೆಗಾರನ ಸಾವು ಎಲ್ಲವೂ ಒಂದೇ ಸೂರಿನಡಿ ನಡೆಯುತ್ತವೆ. ‘ಮಾಮಾ, ನಮ್ಮ ಸಿಂಧನೂರು ಠಾಣೆದಾಗೂ ಹಿಂಗ ಇರ್ತದೇನು?’ ಎಂದು ಕೇಳಿದಳು. ‘ಇಲ್ಲವ್ವ’ ಅಂದುಬಿಟ್ಟೆ. ಎರಡು ದಿನ ಆ ಉತ್ತರ ಮನಸ್ಸಿನಲ್ಲೇ ಕೊರೆಯಿತು. ಅವಳಿಗೆ ಅವಸರದಲ್ಲಿ ತಪ್ಪು ಹೇಳಿದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಧಾರಾವಾಹಿಯಲ್ಲಿ ಗಂಟೆ ಬಾರಿಸುತ್ತದೆ, ಎಲ್ಲರೂ ಓಡಿ ಬಂದು ಗಾಡಿ ಹತ್ತುತ್ತಾರೆ, ಮರುಗಳಿಗೆಗೆ ಉರಿಯುವ ಕಟ್ಟಡದ ಮುಂದೆ ನಿಂತಿರುತ್ತಾರೆ. ರಸ್ತೆ ಅಲ್ಲಿ ಕಥೆಯೊಳಗೆ ಬರುವುದೇ ಇಲ್ಲ. ನಮ್ಮಲ್ಲಿ ಅರ್ಧ ಕಥೆ ರಸ್ತೆಯದು. ಅಗ್ನಿಶಾಮಕ ಸೇವೆಗೆ ದೇಶಮಟ್ಟದಲ್ಲಿ ಶಿಫಾರಸು ಮಾಡಿದ ಅಳತೆಯೊಂದು ಇದೆ: ಪಟ್ಟಣದಲ್ಲಿ ಕರೆ ಬಂದ ಐದರಿಂದ ಏಳು ನಿಮಿಷದಲ್ಲಿ, ಹಳ್ಳಿಗಾಡಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಗಾಡಿ ಸ್ಥಳ ಮುಟ್ಟಬೇಕು. ಹಳ್ಳಿಗಾಡಿನಲ್ಲಿ 50 ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕು ಎಂಬುದೂ ಅದರಲ್ಲಿದೆ. ಈ ಲೆಕ್ಕವನ್ನು ನಮ್ಮ ತಾಲ್ಲೂಕುಗಳ ನಕ್ಷೆಯ ಮೇಲೆ ಇಟ್ಟು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಪಟ್ಟಣದ ಠಾಣೆಯಿಂದ ಇಪ್ಪತ್ತು ನಿಮಿಷದಲ್ಲಿ ಮುಟ್ಟಲಾಗದ ಹಳ್ಳಿಗಳೇ ಇಲ್ಲಿ ಹೆಚ್ಚು.

ಮಸ್ಕಿಯನ್ನೇ ತೆಗೆದುಕೊಳ್ಳಿ. ಅಶೋಕನ ಹೆಸರು ಕೆತ್ತಿದ ಶಾಸನ 1915ರಲ್ಲಿ ಇಲ್ಲಿ ಸಿಕ್ಕಿ ಊರಿನ ಹೆಸರು ಜಗತ್ತಿಗೆ ಗೊತ್ತಾಯಿತು. ತಾಲ್ಲೂಕು ಅನ್ನಿಸಿಕೊಂಡದ್ದು ಮಾತ್ರ ಮೊನ್ನೆ ಮೊನ್ನೆ. ಅಲ್ಲಿಯವರೆಗೆ ದಶಕಗಳ ಕಾಲ ಮಸ್ಕಿ ಸೀಮೆಯ ಹಳ್ಳಿಯಲ್ಲಿ ಬೆಂಕಿ ಬಿದ್ದರೆ ಗಾಡಿ ಲಿಂಗಸುಗೂರಿನಿಂದ ಬರಬೇಕಿತ್ತು, ಇಲ್ಲವೇ ಸಿಂಧನೂರಿನಿಂದ. ಎರಡೂ ಕಡೆಯಿಂದ ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರ್. ಮುಖ್ಯ ರಸ್ತೆಯ ಮಟ್ಟಿಗೆ ಸರಿ, ಅದನ್ನು ಬಿಟ್ಟು ಒಳಗೆ ಹೊರಳಿದರೆ ನೀರು ತುಂಬಿದ ಗಾಡಿ ಜೋರಾಗಿ ಓಡುವುದಿಲ್ಲ. ನಾಲ್ಕೂವರೆ ಸಾವಿರ ಲೀಟರ್ ನೀರೆಂದರೆ ನಾಲ್ಕೂವರೆ ಟನ್ ತೂಕ. ತಿರುವಿನಲ್ಲಿ ಆ ನೀರು ಒಂದು ಮಗ್ಗುಲಿಗೆ ವಾಲುತ್ತದೆ. ಚಾಲಕನಿಗೆ ಹಿಂದೆ ಕೂತ ಐದಾರು ಜನರ ಜೀವದ ಯೋಚನೆ, ಮುಂದೆ ಉರಿಯುತ್ತಿರುವ ಬಣವಿಯ ಯೋಚನೆ. ಕ್ಯಾಪ್ಟನ್ ಕುರ್ಚಿಗಾಗಿ ಇಬ್ಬರು ಗುದ್ದಾಡುವುದಕ್ಕಿಂತ, ಆ ಹೊತ್ತಿಗೆ ಸ್ಟೇರಿಂಗ್ ಹಿಡಿದವನ ಮನಸ್ಸಿನಲ್ಲಿ ನಡೆಯುವುದು ನನಗೆ ದೊಡ್ಡ ನಾಟಕವಾಗಿ ಕಾಣುತ್ತದೆ.

ಆ ನಾಲ್ಕೂವರೆ ಸಾವಿರ ಲೀಟರ್ ಎಷ್ಟು ಹೊತ್ತು ಬರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಒಂದೇ ಪೈಪು ಬಿಟ್ಟರೂ ಹತ್ತು ಹದಿನೈದು ನಿಮಿಷ, ಅಷ್ಟೇ. ಆಮೇಲೆ ನೀರು ಹುಡುಕಬೇಕು. ಎರಡನೇ ಬೆಳೆಯ ನೆಲ್ಲು ಕೊಯ್ಲಾಗಿ ಹುಲ್ಲು ಒಣಗಿ ಬಣವಿ ಏಳುವುದು ಏಪ್ರಿಲ್, ಮೇ ತಿಂಗಳಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ್ ಆಗುವುದೂ ಅದೇ ಸುಮಾರಿಗೆ. ಬೆಂಕಿಗೆ ಹಂಗಾಮು ಬಂದಾಗ ನೀರಿನ ಹಂಗಾಮು ಮುಗಿದಿರುತ್ತದೆ. ಗಾಳಿ ಬಿಟ್ಟ ಮಧ್ಯಾಹ್ನ, ಜೋತು ಬಿದ್ದ ತಂತಿ ಎರಡು ಒಂದಕ್ಕೊಂದು ತಾಗಿ ಕಿಡಿ ಉದುರಿದರೆ ಸಾಕು. ಹುಲ್ಲು ಹೇರಿದ ಟ್ರ್ಯಾಕ್ಟರ್ ತಂತಿಯ ಕೆಳಗೆ ಹಾದುಹೋದರೂ ಸಾಕು. ಮುಂದಿನ ಬೆಳೆಗೆ ಹೊಲ ಹಸನು ಮಾಡಲು ಕೂಳೆಗೆ ಇಟ್ಟ ಬೆಂಕಿ ಪಕ್ಕದವರ ಬಣವಿ ಮುಟ್ಟುವುದೂ ಉಂಟು.

ಇನ್ನು ಬಣವಿಯ ಬೆಂಕಿ ಮನೆಯ ಬೆಂಕಿಯಂತಲ್ಲ. ನೀರು ಹೊಡೆದರೆ ಮೇಲಿನ ಪದರ ತೋಯ್ದು ಕರ್ರಗಾಗಿ ಆರಿದಂತೆ ಕಾಣುತ್ತದೆ. ಒತ್ತಾಗಿ ಒಟ್ಟಿದ ಹುಲ್ಲು ನೀರನ್ನು ಒಳಗೆ ಬಿಡುವುದಿಲ್ಲ; ನೀರು ಹೊರಗಿನಿಂದಲೇ ಜಾರಿ ನೆಲ ಸೇರುತ್ತದೆ. ಒಳಗೆ ಕೆಂಡ ಹಾಗೇ ಕೂತು, ರಾತ್ರಿ ಗಾಳಿಗೆ ಮತ್ತೆ ಏಳುತ್ತದೆ. ಹತ್ತಿ ಅಂಡಿಗೆಯದೂ ಇದೇ ಗುಣ. ಅದಕ್ಕೇ ಬಣವಿಯನ್ನು ಕಿತ್ತು ಹರವಬೇಕು. ಕೊಕ್ಕೆ ಹಾಕಿ ಎಳೆಯಬೇಕು, ಜೆಸಿಬಿ ಸಿಕ್ಕರೆ ಪುಣ್ಯ. ಹರವಿದಂತೆ ನೀರು ಹಾಕುತ್ತ ಹೋಗಬೇಕು. ಮೂರು ನಾಲ್ಕು ತಾಸಿನ ಕೆಲಸ. ಟಿ.ವಿ.ಯಲ್ಲಿ ತೋರಿಸಲು ಇದರಲ್ಲಿ ಏನೂ ಇಲ್ಲ. ಹೊಗೆಯಲ್ಲಿ ಕೆಮ್ಮುತ್ತ ಹುಲ್ಲು ಎಳೆಯುವ ನಾಲ್ಕು ಜನ, ಅಷ್ಟೇ.

ಅಂಥದೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಸ್ಕಿ ಮತ್ತು ಸಿಂಧನೂರಿನ ನಡುವಿನ ಒಂದು ಹಳ್ಳಿ. ಮಧ್ಯಾಹ್ನ ಎರಡರ ಹೊತ್ತು. ಗಾಡಿ ಬಂದು ನಿಲ್ಲುವಷ್ಟರಲ್ಲಿ ಎರಡು ಬಣವಿ ಪೂರ್ತಿ ಹೋಗಿ ಮೂರನೆಯದಕ್ಕೆ ಹತ್ತಿತ್ತು. ಇಳಿದ ಕೂಡಲೇ ಅವರಿಗೆ ಸಿಕ್ಕದ್ದು ಬೈಗುಳ. ‘ಈಗ ಬಂದೀರೇನು? ಎಲ್ಲಾ ಸುಟ್ಟು ಬೂದಿ ಆತು. ಎಲ್ಲಿ ಹೋಗಿದ್ರಿ ಇಷ್ಟೊತ್ತು?’ ಹುಡುಗರು ಗಾಡಿಯ ಸುತ್ತ ಮುತ್ತಿಕೊಂಡರು. ಒಬ್ಬ ಪೈಪು ಕಸಿದುಕೊಳ್ಳಲು ಬಂದ. ಪ್ರಮುಖ ಅಗ್ನಿಶಾಮಕ ಹುದ್ದೆಯವರೊಬ್ಬರು, ನಲವತ್ತು ದಾಟಿದ ಮನುಷ್ಯ, ಯಾರಿಗೂ ಎದುರು ಮಾತಾಡಲಿಲ್ಲ. ಮೂರನೇ ಬಣವಿಯ ಕಡೆ ಒಮ್ಮೆ ನೋಡಿದರು, ಗಾಳಿ ಯಾವ ಕಡೆಗಿದೆ ಎಂದು ನೋಡಿದರು, ಪೈಪನ್ನು ಉರಿಯುವ ಬಣವಿಗೆ ಬಿಡದೆ ಅದರ ಪಕ್ಕದ ನಾಲ್ಕನೆಯದಕ್ಕೆ ಬಿಡಿಸಿದರು. ಜನ ಮತ್ತಷ್ಟು ಕೂಗಿದರು. ಉರಿಯುವುದನ್ನು ಬಿಟ್ಟು ಉರಿಯದ್ದಕ್ಕೆ ನೀರು ಹೊಡೆಯುತ್ತಾರಲ್ಲ ಎಂದು ನನಗೂ ಆಗ ಸಿಟ್ಟು ಬಂದಿತ್ತು. ಆದರೆ ನಾಲ್ಕನೆಯದರ ಆಚೆಗೆ ಮನೆಗಳ ಸಾಲು ಇತ್ತು. ಇದ್ದ ಹತ್ತು ನಿಮಿಷದ ನೀರಿನಲ್ಲಿ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂದು ಅವರು ಅರೆಗಳಿಗೆಯಲ್ಲಿ ತೀರ್ಮಾನಿಸಿದ್ದರು. ಅದು ನನಗೆ ತಿಳಿದದ್ದು ಸಂಜೆಯ ಮೇಲೆ.

ಬೆಂಕಿ ಇಳಿದ ಮೇಲೆ ಅವರು ಬಣವಿ ಕಳೆದುಕೊಂಡ ಮನೆಯ ಹೆಣ್ಣುಮಗಳ ಹತ್ತಿರ ಹೋಗಿ ಮೊದಲು ಕೇಳಿದ್ದು, ‘ದನ ಎಷ್ಟದಾವ ಯವ್ವಾ?’ ‘ಎರಡು ಎತ್ತು, ಒಂದು ಎಮ್ಮಿ.’ ಅದನ್ನೇ ಕಾಗದದ ಮೇಲೆ ಬರೆದುಕೊಂಡರು. ಅವರ ಮೊಳಕೈವರೆಗೆ ಸುಟ್ಟ ಹುಲ್ಲಿನ ಎಳೆಗಳು ಬೆವರಿಗೆ ಅಂಟಿದ್ದವು. ಅಷ್ಟೊತ್ತು ಬೈಯುತ್ತಿದ್ದ ಮನೆಯಿಂದಲೇ ತಂಬಿಗೆಯಲ್ಲಿ ಮಜ್ಜಿಗೆ ಬಂತು. ಚಾಲಕನಿಗೆ ಕೊನೆಗೆ ಸಿಕ್ಕಿತು. ಪಂಪು ಓಡುವವರೆಗೂ ಅವನು ಗಾಡಿ ಬಿಟ್ಟು ಕದಲುವಂತಿಲ್ಲ. ಒತ್ತಡ ಏರಿದರೆ ಪೈಪು ಹಿಡಿದವನು ನೆಲಕ್ಕೆ ಬೀಳುತ್ತಾನೆ, ಇಳಿದರೆ ನೀರು ಮುಟ್ಟುವುದಿಲ್ಲ.

ಆ ಕಾಗದದ ಬಗ್ಗೆ ಒಂದು ಮಾತು. ಪ್ರತಿ ಕರೆಗೂ ಠಾಣೆಯಲ್ಲಿ ವರದಿ ಬರೆಯುತ್ತಾರೆ. ಕರೆ ಬಂದದ್ದು ಎಷ್ಟು ಗಂಟೆಗೆ, ಹೊರಟದ್ದು ಎಷ್ಟಕ್ಕೆ, ಮುಟ್ಟಿದ್ದು ಎಷ್ಟಕ್ಕೆ, ಕಾರಣ ಏನು, ನಷ್ಟವಾದ ಆಸ್ತಿ ಎಷ್ಟು. ಅದರ ಜೊತೆಗೇ ಇನ್ನೊಂದು ಲೆಕ್ಕ: ಉಳಿಸಿದ ಆಸ್ತಿ ಎಷ್ಟು. ಪರಿಹಾರಕ್ಕೆ ಓಡಾಡುವ ರೈತನಿಗೆ ಮೊದಲನೆಯದು ಬೇಕು, ಅದಕ್ಕಾಗಿ ಅವನು ಠಾಣೆಗೆ ಬರುತ್ತಾನೆ. ಎರಡನೆಯದನ್ನು ಕೇಳಿಕೊಂಡು ಬರುವವರು ಯಾರೂ ಇಲ್ಲ. ಉಳಿದ ನಾಲ್ಕನೇ ಬಣವಿ, ಉಳಿದ ಮನೆಗಳ ಸಾಲು ಆ ಒಂದು ಸಾಲಿನ ಅಂಕಿಯಾಗಿ ಕಡತದೊಳಗೆ ಹೋಗುತ್ತವೆ. ನಮ್ಮ ತಾಲ್ಲೂಕಿನ ಠಾಣೆಯ ಬಗ್ಗೆ ಯಾರಾದರೂ ಧಾರಾವಾಹಿ ಬರೆಯುವುದಾದರೆ ಆ ಅಂಕಿಗಳನ್ನು ಒಂದೊಂದಾಗಿ ಬಿಡಿಸಿದರೆ ಸಾಕು, ಏಳು ಸೀಸನ್ನಿಗೆ ಕಥೆ ಸಿಗುತ್ತದೆ.

ಮನೆಯ ಮಾತಿಗೆ ಬರೋಣ. ಅಮೆರಿಕದ ಧಾರಾವಾಹಿಯಲ್ಲಿ ನನಗೆ ಹಿಡಿಸಿದ್ದು ಇದೇ. ಹೆಲ್ಮೆಟ್ ಹಾಕಿಕೊಂಡವನಿಗೂ ಒಂದು ಮನೆಯಿದೆ, ಅವನಿಗೂ ಹೊಟ್ಟೆಕಿಚ್ಚು, ಭಯ, ಪ್ರೀತಿ ಇವೆ ಎಂದು ಅದು ಪಟ್ಟುಹಿಡಿದು ತೋರಿಸುತ್ತದೆ. ನಮ್ಮ ಸಿನಿಮಾದಲ್ಲಿ ಪೊಲೀಸರಿಗೆ ಸಿಕ್ಕ ಜಾಗದ ನೂರರಲ್ಲೊಂದು ಪಾಲೂ ಅಗ್ನಿಶಾಮಕರಿಗೆ ಸಿಕ್ಕಿಲ್ಲ. ಇಬ್ಬರದೂ ಖಾಕಿಯೇ. 2024ರ ಡಿಸೆಂಬರ್‌ನಲ್ಲಿ ಬಂದ ರಾಹುಲ್ ಧೋಲಾಕಿಯಾ ಅವರ ಹಿಂದಿ ಚಿತ್ರ ‘ಅಗ್ನಿ’ ಈ ನೋವನ್ನು ನೇರವಾಗಿ ಹಿಡಿದಿದೆ. ಪ್ರತೀಕ್ ಗಾಂಧಿ ಅದರಲ್ಲಿ ಮುಂಬೈನ ಅಗ್ನಿಶಾಮಕ. ಅವನ ಹೆಂಡತಿಯ ತಮ್ಮ ಪೊಲೀಸ್ ಅಧಿಕಾರಿ. ಮಗನಿಗೆ ಅಪ್ಪನಿಗಿಂತ ಮಾವನೇ ಹೀರೊ. ಒಂದು ಮನೆಯೊಳಗಿನ ಈ ಸಣ್ಣ ಸಂಗತಿ ಇಡೀ ಇಲಾಖೆಯ ಸಂಕಟವನ್ನು ಹೇಳಿಬಿಡುತ್ತದೆ.

ನಮ್ಮ ಕಡೆಯೂ ಅಷ್ಟೆ. ಊರಿಗೆ ಹೊಸದಾಗಿ ಪೊಲೀಸ್ ಅಧಿಕಾರಿ ಬಂದರೆ ಹಾರ, ಶಾಲು, ಫೋಟೊ. ಅಗ್ನಿಶಾಮಕ ಠಾಣಾಧಿಕಾರಿ ಬಂದದ್ದು, ವರ್ಗವಾಗಿ ಹೋದದ್ದು ಎರಡೂ ಊರಿಗೆ ಗೊತ್ತಾಗುವುದಿಲ್ಲ. ಠಾಣೆಯ ಬದಿಗೇ ವಸತಿಗೃಹ ಇದ್ದರೆ ಮಕ್ಕಳು ಗಂಟೆಯ ಸದ್ದು ಕೇಳುತ್ತಲೇ ಬೆಳೆಯುತ್ತಾರೆ. ರಾತ್ರಿ ಊಟಕ್ಕೆ ಕೂತ ಅಪ್ಪ ರೊಟ್ಟಿ ಮುರಿದು ಬಾಯಿಗಿಡುವ ಮೊದಲೇ ಎದ್ದು ಹೋಗುವುದು ಅವರಿಗೆ ರೂಢಿ. ಬೇರೆ ಜಿಲ್ಲೆಯಿಂದ ನೌಕರಿಗೆ ಬಂದ ಹುಡುಗನಿಗೆ ದೀಪಾವಳಿಗೆ ಊರಿಗೆ ಹೋಗುವ ಆಸೆ ಇದ್ದರೂ, ಪಟಾಕಿಯ ರಾತ್ರಿ ಠಾಣೆ ಖಾಲಿ ಬಿಡುವಂತಿಲ್ಲ. ಎಲ್ಲರಿಗೂ ಹಬ್ಬವಾದ ದಿನವೇ ಅವರ ಮೈಯೆಲ್ಲ ಕಿವಿಯಾಗಿರಬೇಕು.

ಬೆಂಕಿ ಬಿಟ್ಟರೆ ಇವರ ಕೆಲಸದ ಇನ್ನೊಂದು ದೊಡ್ಡ ಪಾಲು ನೀರು. ಬಾವಿಗೆ ಬಿದ್ದ ಎಮ್ಮೆ ಎತ್ತುವುದಕ್ಕೂ ಇವರೇ, ಕಾಲುವೆಯಲ್ಲಿ ಈಜಲು ಇಳಿದು ಮುಳುಗಿದವರನ್ನು ಹುಡುಕುವುದಕ್ಕೂ ಇವರೇ. 2019ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ಲಕ್ಷಗಟ್ಟಲೆ ಕ್ಯುಸೆಕ್ ನೀರು ಹರಿದಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿತು. ಕರಕಲಗಡ್ಡಿ, ಮ್ಯಾದರಗಡ್ಡಿ, ಕಡದರಗಡ್ಡಿಯಂಥ ನಡುಗಡ್ಡೆಗಳ ದಾರಿ ಕಡಿದುಹೋಯಿತು. ದನ, ಕುರಿ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿಯುವ ಮುದುಕರನ್ನು ಒಪ್ಪಿಸುವುದು ದೋಣಿ ನಡೆಸುವುದಕ್ಕಿಂತ ಕಷ್ಟ. ಹೊಳೆ ಬಂದಾಗಲೆಲ್ಲ ಈ ಗಡ್ಡೆಗಳಲ್ಲಿ ಇದೇ ಮಾತುಕತೆ.

ಅದರ ಮರುವರ್ಷ, 2020ರ ಅಕ್ಟೋಬರ್‌ನಲ್ಲಿ ಮಸ್ಕಿ ಹಳ್ಳ ತುಂಬಿ ಬಂತು. ಇಬ್ಬರು ನಡುನೀರಿನಲ್ಲಿ ಸಿಕ್ಕಿಕೊಂಡರು. ಒಬ್ಬರನ್ನು ದಡಕ್ಕೆ ತಂದರು. ಇನ್ನೊಬ್ಬರು ರಕ್ಷಣೆ ನಡೆಯುತ್ತಿದ್ದಾಗಲೇ, ದಡದ ಮೇಲೆ ಊರೆಲ್ಲ ನೋಡುತ್ತ ನಿಂತಿದ್ದಾಗಲೇ ಕೊಚ್ಚಿಹೋದರು. ಅದರ ವಿಡಿಯೊ ಊರೂರು ತಿರುಗಿತು. ನಾನೂ ನೋಡಿದೆ, ಎರಡನೇ ಸಲ ನೋಡಲಾಗಲಿಲ್ಲ. ಆ ಮನೆಯವರ ದುಃಖಕ್ಕೆ ಅಳತೆ ಇಲ್ಲ. ಅದರ ಜೊತೆಗೆ, ಅಂದು ನೀರಿಗೆ ಇಳಿದಿದ್ದವರು ಆ ರಾತ್ರಿ ಹೇಗೆ ಮಲಗಿದರು ಎಂಬುದನ್ನೂ ನಾನು ಬಹಳ ದಿನ ಯೋಚಿಸಿದೆ. ಅವರ ಪಾಲಿಗೆ ಮರುದಿನವೂ ಠಾಣೆ ಇತ್ತು, ಗಂಟೆ ಇತ್ತು.

ಮನಸ್ಸಿಗೆ ಬೀಳುವ ಈ ಪೆಟ್ಟಿನ ವಿಷಯದಲ್ಲಿ ಧಾರಾವಾಹಿಗಳು ನಮಗಿಂತ ಮುಂದಿವೆ ಎಂದು ಒಪ್ಪಿಕೊಳ್ಳಬೇಕು. ‘ಸ್ಟೇಷನ್ 19’ರಲ್ಲಿ ವಿಕ್ ಹ್ಯೂಸ್ ಎಂಬ ಹುಡುಗಿಗೆ ಒಂದು ಕರೆಯ ಮೇಲೆ ಬೆಂಕಿಯ ಎದುರೇ ಕೈಕಾಲು ಆಡದಂತಾಗುತ್ತದೆ. ಅಗ್ನಿಶಾಮಕಿಗೆ ಬೆಂಕಿಯ ಭಯ! ಅವಳು ಅದನ್ನು ಮುಚ್ಚಿಡುತ್ತಾಳೆ, ಜೊತೆಯವರು ಕಂಡುಹಿಡಿದು ಕೈ ಹಿಡಿಯುತ್ತಾರೆ. ಅದಕ್ಕೂ ಮೊದಲು, 2004ರಿಂದ 2011ರವರೆಗೆ ಬಂದ ‘ರೆಸ್ಕ್ಯೂ ಮಿ’ ಧಾರಾವಾಹಿ ಪೂರ್ತಿ ನಿಂತಿದ್ದದ್ದೇ ಇದರ ಮೇಲೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ 343 ಅಗ್ನಿಶಾಮಕರು ಸತ್ತರು. ಬದುಕಿ ಉಳಿದವನೊಬ್ಬ ಸತ್ತ ಗೆಳೆಯರನ್ನು ತಲೆಯೊಳಗೆ ಹೊತ್ತು ತಿರುಗುತ್ತ, ಕುಡಿಯುತ್ತ, ಮನೆ ಮುರಿದುಕೊಳ್ಳುತ್ತ ಹೋಗುವ ಕಥೆ ಅದು. ಇದನ್ನೆಲ್ಲ ಮಸಾಲೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾಲುವೆಯಿಂದ ಚಿಕ್ಕ ಮಗುವಿನ ಹೆಣ ಎತ್ತಿ ತಂದವನು ಮನೆಗೆ ಹೋಗಿ ಅದೇ ವಯಸ್ಸಿನ ತನ್ನ ಮಗಳನ್ನು ನೋಡುತ್ತಾನೆ. ಅವನೊಳಗೆ ಏನೋ ಆಗಿಯೇ ಆಗುತ್ತದೆ. ಅದನ್ನು ಹೇಳಿಕೊಳ್ಳಲು ನಮ್ಮ ಗಂಡಸರಿಗೆ ಮಾತಿಲ್ಲ. ‘ಏನಿಲ್ಲ ಬಿಡು, ಡ್ಯೂಟಿ’ ಅನ್ನುತ್ತಾರೆ. ತಾಲ್ಲೂಕು ಮಟ್ಟದ ಠಾಣೆಗೂ ತಿಂಗಳಿಗೊಮ್ಮೆ ಮನಸ್ಸಿನ ವೈದ್ಯರೊಬ್ಬರು ಬಂದು ಕೂರುವಂತಾಗಬೇಕು. ಇದು ದೊಡ್ಡ ಖರ್ಚಿನ ಮಾತಲ್ಲ.

ಅಕ್ಕನ ಮಗಳಿಗೆ ಆ್ಯಂಡಿಯ ಮೇಲೆ ಬಹಳ ಅಭಿಮಾನ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿಗೆ 2002ರಲ್ಲಿ ಸೇರಿದ ಮೊದಲ ಹೆಣ್ಣುಮಗಳು ಹರ್ಷಿಣಿ ಕಾನ್ಹೇಕರ್ ಎಂದು ಹೇಳಿದಾಗ ಅವಳ ಕಣ್ಣು ಅರಳಿತು. ಆ್ಯಂಡಿಯ ಕಥೆ ಕಟ್ಟುವುದಕ್ಕೆ ಹದಿನಾರು ವರ್ಷ ಮೊದಲೇ ನಮ್ಮಲ್ಲಿ ಒಬ್ಬಳು ಆ ಗೇಟು ದಾಟಿದ್ದಳು.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಶಾಲೆಯ ಮೈದಾನದಲ್ಲಿ, ಬಸ್ ನಿಲ್ದಾಣದಲ್ಲಿ ಸಿಲಿಂಡರಿಗೆ ಬೆಂಕಿ ಹಚ್ಚಿ, ತೊಯ್ಸಿದ ಗೋಣಿಚೀಲ ಹೊದಿಸಿ ಆರಿಸಿ ತೋರಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ದಿನವನ್ನೇ ಆರಿಸಿದ್ದಕ್ಕೆ ಕಾರಣವಿದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿ ಅಂಡಿಗೆ, ಅದರ ಜೊತೆಗೆ ಸಾವಿರಾರು ಮಣ ಸಿಡಿಮದ್ದು. ನಮ್ಮ ಹೊಲದ ಹತ್ತಿ ಗೊತ್ತಿದ್ದವರಿಗೆ ಆ ಬೆಂಕಿ ಎಂಥದೆಂದು ಹೇಳಬೇಕಿಲ್ಲ. ಆರಿದಂತೆ ಕಂಡು ಒಳಗೇ ಉರಿಯುವಂಥದು. ಆರಿಸಲು ಹೋದವರಲ್ಲಿ 66 ಅಗ್ನಿಶಾಮಕರು ಸ್ಫೋಟದಲ್ಲಿ ಸತ್ತರು. ಸಪ್ತಾಹ ಅವರ ನೆನಪಿಗೆ. ಮಕ್ಕಳಿಗೆ ಸಿಲಿಂಡರ್ ತೋರಿಸುವಾಗ ಈ 66 ಜನರ ಮಾತನ್ನೂ ಎರಡು ನಿಮಿಷ ಹೇಳಿದರೆ ಒಳ್ಳೆಯದು. ಫೋನು ಮಾಡುವಾಗ ಊರು, ಕ್ಯಾಂಪು, ಕಾಲುವೆಯ ಯಾವ ದಂಡೆ ಎಂದು ಹೇಳಬೇಕು, ಒಬ್ಬ ಹುಡುಗನನ್ನು ಬೈಕಿನ ಮೇಲೆ ಮುಖ್ಯ ರಸ್ತೆಗೆ ಕಳಿಸಿ ಗಾಡಿಗೆ ದಾರಿ ತೋರಿಸಬೇಕು, ಹತ್ತಿರ ನೀರಿರುವ ಬೋರು, ಬಾವಿ ಯಾವುದೆಂದು ಮೊದಲೇ ಗೊತ್ತಿರಬೇಕು. ಅದನ್ನೂ ಅದೇ ಮೈದಾನದಲ್ಲಿ ಕಲಿಸಬಹುದು.

ಅಂದು ಆ ಹಳ್ಳಿಯಿಂದ ಗಾಡಿ ಹೊರಟಾಗ ಕತ್ತಲಾಗಿತ್ತು. ಹೊರಡುವ ಮೊದಲು ಅವರು ಪೈಪುಗಳನ್ನು ಬಿಚ್ಚಿ, ಒಂದು ತುದಿಯಿಂದ ಭುಜದ ಮೇಲೆ ಎತ್ತುತ್ತ ಎತ್ತುತ್ತ ಒಳಗಿನ ನೀರು ಹೊರಚೆಲ್ಲಿ, ಮಣ್ಣು ಕೊಡವಿ, ಸುರುಳಿ ಸುತ್ತಿದರು. ಆ ಪ್ರಮುಖ ಅಗ್ನಿಶಾಮಕರಿಗೆ ಮನೆಯಿಂದ ಫೋನು ಬಂತು. ‘ಇಲ್ಲ, ಇನ್ನೂ ಊಟ ಆಗಿಲ್ಲ. ನೀವು ಉಣ್ರಿ’ ಎಂದು ಇಟ್ಟರು. ದಾರಿಯಲ್ಲಿ ಕರೆಂಟು ಇದ್ದ ಒಂದು ತೋಟದ ಬೋರಿಗೆ ಗಾಡಿ ನಿಲ್ಲಿಸಿ ಟ್ಯಾಂಕು ತುಂಬಿಸಿಕೊಂಡರು. ತುಂಬುವವರೆಗೆ ಮೂವರು ಗಾಡಿಗೆ ಒರಗಿ ಕೂತಲ್ಲೇ ಕಣ್ಣು ಮುಚ್ಚಿದ್ದರು, ಚಾಲಕನೊಬ್ಬ ಎದ್ದಿದ್ದ.